ಕಾಲು ಸೋತಿತೋ, ಸ್ಥಾನ ತಪ್ಪಿತೋ?

ಲಗ್ಗೆರೆಯಿಂದ ಕಂಠೀರವ ಕ್ರೀಡಾಂಗಣಕ್ಕೆ ಬಸ್ಸಿನ ಹಾದಿಯಷ್ಟೆ. ಆದರೆ 2020-21ರ ಇಂಡಿಯನ್ ಸೂಪರ್ ಲೀಗ್ ಕೊರೋನಾ ನಿಮಿತ್ತ ಗೋವೆಯಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಬೆಂಗಳೂರು ಎಫ್‌ಸಿಯ ಅಭಿಮಾನಿಗಳಿಗೆ ಮನೆಯ ಟೆಲಿವಿಷನ್ನೇ ಮೈದಾನವಾಯಿತು. 2019ರಲ್ಲಿ ಪ್ರಶಸ್ತಿ ಗೆದ್ದಿದ್ದ ತಂಡ ಆ ಋತುವಿನಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಅಭಿಮಾನಿಗಳ ವಾದಕ್ಕೆ ಸಿಕ್ಕವರಲ್ಲಿ ಒಬ್ಬರು ಮಧ್ಯರಂಗದ ಆಟಗಾರ, ಆಸ್ಟ್ರೇಲಿಯದ ಎರಿಕ್ ಪಾರ್ತಾಲು.

ವಯಸ್ಸು ಮೂವತ್ತನಾಲ್ಕು, ಓಟ ಕುಂದಿತು ಎಂಬುದು ಒಂದು ಪಕ್ಷ. ಓಟವೆಂದು ಅವರ ಬಂಡವಾಳವಾಗಿತ್ತು? ಎತ್ತರದ ನಿಲುವು, ತಲೆಯ ಹೊಡೆತ ರಕ್ಷಣೆಗೇ ಒಪ್ಪುವಂಥವು, ಹಿಂದೆ ನಿಲ್ಲಿಸಿರಿ ಎಂಬುದು ಇನ್ನೊಂದು. ನಿಜವೆಂದರೆ, ನಡುವಣ ಆಟಗಾರ ಒಂಟಿಯಾಗಿ ಸೋಲುವುದಿಲ್ಲ. ಜೊತೆಯವರು ಬಿಟ್ಟ ತೆರಪನ್ನೆಲ್ಲ ಓಡಿ ತುಂಬುವ ಹೊರೆಯೂ ಅವನದೇ.

2021ರಲ್ಲಿ ಪಾರ್ತಾಲು ತಂಡವನ್ನು ತೊರೆದರು. ದೂರಿದವರಿಗಾಗಲಿ, ಮೆಚ್ಚಿದವರಿಗಾಗಲಿ, ಕಂಠೀರವದಲ್ಲಿ ಎದ್ದು ನಿಂತು ಚಪ್ಪಾಳೆಯಿಂದ ಬೀಳ್ಕೊಡುವ ಅವಕಾಶ ಮಾತ್ರ ದೊರೆಯಲಿಲ್ಲ.