ಜಿ.ಪಿ.ಎ. ಎಂಬ ಸರಾಸರಿಯ ಲೆಕ್ಕ

ನಮ್ಮ ಶಾಲೆಯಲ್ಲಿ ಓದಿದ ಸೋದರಿಯರಲ್ಲಿ ಕೆಲವರು ಈಗ ಅಮೆರಿಕಾ ದೇಶದಲ್ಲಿ ನೆಲೆಸಿರುವರು. ಇಲ್ಲಿರುವವರಲ್ಲಿಯೂ ಕೆಲವರು ತಮ್ಮ ಹೆಣ್ಣುಮಕ್ಕಳನ್ನು ಆ ದೇಶದ ಕಾಲೇಜುಗಳಿಗೆ ಕಳುಹಿಸಬೇಕೆಂದಿರುವರು. ಅಲ್ಲಿಯ ಅರ್ಜಿಗಳಲ್ಲಿ ಕೇಳುವ ಜಿ.ಪಿ.ಎ. ಎಂಬುದು ತಂದೆತಾಯಿಗಳಿಗೆ ತೊಡಕಾಗಿ ತೋರುವುದರಿಂದ, ಅದರ ಕ್ರಮವನ್ನು ಸಂಕ್ಷೇಪವಾಗಿ ವಿವರಿಸುವೆವು.

ಜಿ.ಪಿ.ಎ. ಎಂದರೆ ದರ್ಜೆಗಳ ಸರಾಸರಿ. ಅಲ್ಲಿಯ ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಎ ದರ್ಜೆಗೆ 4, ಬಿ ದರ್ಜೆಗೆ 3, ಸಿ ದರ್ಜೆಗೆ 2, ಡಿ ದರ್ಜೆಗೆ 1 ಎಂದು ಎಣಿಸುವರು. ಎಫ್ ಎಂದರೆ ಸೊನ್ನೆ. ಪ್ರತಿಯೊಂದು ವಿಷಯಕ್ಕೂ ಅದರ ಪಾಠದ ಅವಧಿಗೆ ತಕ್ಕಂತೆ ಕ್ರೆಡಿಟ್ ಎಂಬ ತೂಕವುಂಟು. ದರ್ಜೆಯ ಅಂಕವನ್ನು ಕ್ರೆಡಿಟಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟುಗಳಿಂದ ಭಾಗಿಸತಕ್ಕದ್ದು.

ಉದಾಹರಣೆಗೆ, ಒಬ್ಬ ಬಾಲಕಿಗೆ ತಲಾ ಒಂದು ಕ್ರೆಡಿಟಿನ ಇಂಗ್ಲಿಷ್ ಮತ್ತು ಚರಿತ್ರೆಗಳಲ್ಲಿ ಎ, ಗಣಿತ ಮತ್ತು ರಸಾಯನಶಾಸ್ತ್ರಗಳಲ್ಲಿ ಬಿ, ಅರ್ಧ ಕ್ರೆಡಿಟಿನ ವ್ಯಾಯಾಮದಲ್ಲಿ ಎ, ಅರ್ಧ ಕ್ರೆಡಿಟಿನ ಸಂಗೀತದಲ್ಲಿ ಸಿ ಬಂದಿತೆನ್ನೋಣ. ಆಗ 4, 4, 3, 3, 2, 1 ಸೇರಿ 17 ಆಗುವುದು. 5 ಕ್ರೆಡಿಟುಗಳಿಂದ ಭಾಗಿಸಿದರೆ 3.40. ಕ್ರೆಡಿಟನ್ನು ಮರೆತು ಆರು ದರ್ಜೆಗಳನ್ನು ಸಮವಾಗಿ ಎಣಿಸಿದರೆ 3.33 ಎಂದು ತಪ್ಪು ಉತ್ತರ ಬರುವುದು.

ಅನೇಕ ಶಾಲೆಗಳು ಎ.ಪಿ. ಎಂಬ ಉನ್ನತ ಪಾಠಕ್ಕೆ ಒಂದಂಕವನ್ನು ಹೆಚ್ಚಾಗಿ ಕೊಡುವುದುಂಟು. ಮೇಲಿನ ರಸಾಯನಶಾಸ್ತ್ರವು ಅಂತಹದಾಗಿದ್ದರೆ ಅದರ ಬಿ ದರ್ಜೆಗೆ 4 ದೊರೆತು, ಸರಾಸರಿಯು 3.60 ಆಗುವುದು. ಆದಕಾರಣ ಅರ್ಜಿಯಲ್ಲಿ ಬರೆಯುವ ಸಂಖ್ಯೆಯು ಈ ಹೆಚ್ಚಳವನ್ನು ಒಳಗೊಂಡುದೋ ಅಲ್ಲವೋ ಎಂಬುದನ್ನು ಸ್ಪಷ್ಟಪಡಿಸಬೇಕು.

ಇಷ್ಟಾದರೂ ಕಾಲೇಜುಗಳು ಶಾಲೆಯ ಲೆಕ್ಕವನ್ನೇ ಅಂಗೀಕರಿಸಬೇಕೆಂಬ ನಿಯಮವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಒಂಬತ್ತನೆಯ ತರಗತಿಯ ನಂತರದ ಬೇಸಿಗೆಯಿಂದ ಹನ್ನೊಂದನೆಯ ತರಗತಿಯ ನಂತರದ ಬೇಸಿಗೆಯವರೆಗೆ ಓದಿದ ನಿಯಮಿತ ವಿಷಯಗಳನ್ನು ಮಾತ್ರ ಎಣಿಸುವುದು. ದರ್ಜೆಯ ಮುಂದಿನ ಕೂಡು, ಕಳೆ ಚಿಹ್ನೆಗಳನ್ನು ಬಿಟ್ಟುಬಿಡುವುದು. ಹೆಚ್ಚಳದ ಅಂಕವನ್ನು ಎಂಟು ಅರ್ಧವರ್ಷದ ಪಾಠಗಳಿಗೆ ಮೀರಿ ಕೊಡದು.

ಅಕ್ಷರಗಳ ಬೆಲೆಯೂ ಎಲ್ಲೆಡೆ ಒಂದೇ ಅಲ್ಲ. ಮೇರಿ ಲಯನ್ ಎಂಬ ಮಹಿಳೆಯು 1837ರಲ್ಲಿ ಸ್ಥಾಪಿಸಿದ ಮೌಂಟ್ ಹೋಲಿಯೋಕ್ ಸ್ತ್ರೀವಿದ್ಯಾಲಯದಲ್ಲಿ 1897ರಲ್ಲಿ ಎ ದರ್ಜೆಗೆ ನೂರಕ್ಕೆ 95 ಬೇಕಾಗಿತ್ತು. ಈಗ ಅಲ್ಲಿಯ ಅನೇಕ ಪ್ರೌಢಶಾಲೆಗಳಲ್ಲಿ 90 ಸಾಕು.

ಇದರಿಂದ ನಮ್ಮ ನಾಡಿನ ಅರ್ಜಿದಾರರು ಒಂದನ್ನು ಕಲಿಯಬೇಕು. ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯಲ್ಲಿ ಬಂದ ನೂರಕ್ಕೆ 85ನ್ನು 25ರಿಂದ ಭಾಗಿಸಿ 3.40 ಎಂದು ತಾವೇ ಬರೆಯುವುದು ಸರಿಯಲ್ಲ. ಎರಡು ಪದ್ಧತಿಗಳಲ್ಲಿ ಅಂಕ ಕೊಡುವ ಬಿಗುವು ಬೇರೆ ಬೇರೆ. ಕಾಲೇಜು ಬೇರೆ ವಿಧಿಯನ್ನು ಹೇಳದಿದ್ದಲ್ಲಿ, ಶಾಲೆಯು ಕೊಟ್ಟ ಅಂಕಪಟ್ಟಿಯಲ್ಲಿ ಇರುವುದನ್ನು ಇದ್ದಂತೆಯೇ ತಿಳಿಸುವುದು ಪ್ರಾಮಾಣಿಕವೂ ಕ್ಷೇಮಕರವೂ ಆಗಿದೆ.

ತಂದೆತಾಯಿಗಳಲ್ಲಿ ಇನ್ನೊಂದು ವಿಜ್ಞಾಪನೆ. ಸರಾಸರಿಯು ಕುಗ್ಗೀತೆಂಬ ಭಯದಿಂದ ಮಗಳನ್ನು ಕಠಿನವಾದ ಗಣಿತದಿಂದಲೋ ವಿಜ್ಞಾನದಿಂದಲೋ ಬಿಡಿಸಬೇಡಿರಿ. ಕಾಲೇಜಿನವರು ಸಂಖ್ಯೆಯೊಡನೆ ಅವಳು ಯಾವ ಪಾಠಗಳನ್ನು ಆರಿಸಿಕೊಂಡಳೆಂಬುದನ್ನೂ ಪರಿಶೀಲಿಸುವರು. ಆ ಸಂಖ್ಯೆಯ ಉಪಯೋಗವು ಅರ್ಜಿಯೊಡನೆ ಮುಗಿಯುವುದು. ಕಲಿತ ವಿದ್ಯೆಯಾದರೋ ಕಾಲೇಜಿನ ಮೊದಲನೆಯ ದಿನದಿಂದಲೇ ಅವಳಿಗೆ ಬೇಕಾಗುವುದು.