ವಿನೆಗರ್ ಹಚ್ಚಿದಾಗ ಬೆಳ್ಳಗಾಗುವುದು ಏನು?

“ನನಗೇನೂ ತೊಂದರೆ ಇಲ್ಲವಲ್ಲ, ಮತ್ಯಾಕೆ ಪರೀಕ್ಷೆ?” ಗರ್ಭಕೊರಳಿನ ಕ್ಯಾನ್ಸರ್ ತಪಾಸಣಾ ಶಿಬಿರಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಇದು. ತೊಂದರೆ ಇಲ್ಲದವರಿಗೆಂದೇ ಇರುವ ಪರೀಕ್ಷೆ ಇದು ತಾಯಿ! ಕೂಡಿದ ನಂತರ ರಕ್ತ ಕಂಡರೆ, ಮುಟ್ಟು ನಿಂತ ಮೇಲೂ ರಕ್ತ ಹೋದರೆ, ವಾಸನೆಯ ಬಿಳಿಸೆರಗು ಬಿಡದೆ ಕಾಡಿದರೆ ಶಿಬಿರಕ್ಕೆ ಕಾಯಬಾರದು, ನೇರವಾಗಿ ಸ್ತ್ರೀರೋಗ ತಜ್ಞರನ್ನು ಕಾಣಬೇಕು.

ಗರ್ಭಕೋಶದ ಬಾಯಿಯೇ ಗರ್ಭಕೊರಳು. ಅಲ್ಲಿನ ಕ್ಯಾನ್ಸರಿಗೆ ಹೆಚ್ಚುಕಡಿಮೆ ಯಾವಾಗಲೂ ಎಚ್‌ಪಿವಿ ಎಂಬ ವೈರಸ್ಸೇ ಮೂಲ. ಇದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ತಗುಲಿದ ಬಹುತೇಕರಲ್ಲಿ ವೈರಸ್ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದ ಕೆಲವರಲ್ಲಿ ಜೀವಕೋಶಗಳು ಕೆಟ್ಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇದ್ದವರಲ್ಲಿ ಇದು ಬೇಗ. ಇಷ್ಟು ಸಮಯ ಕೊಡುವ ಕ್ಯಾನ್ಸರ್ ಅಪರೂಪ.

ಪರೀಕ್ಷೆಗಳು ಮೂರು. ಪ್ಯಾಪ್ ಪರೀಕ್ಷೆಯಲ್ಲಿ ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಚ್‌ಪಿವಿ ಪರೀಕ್ಷೆ ವೈರಸ್ಸನ್ನೇ ಹುಡುಕುತ್ತದೆ. ಮೂರನೆಯದು ವಿಐಎ, ನನಗೆ ಅಚ್ಚುಮೆಚ್ಚಿನದು. ಒಳಗೆ ಕಾಣುವಂತೆ ಸ್ಪೆಕ್ಯುಲಂ ಎಂಬ ಉಪಕರಣ ಇಟ್ಟು, ಗರ್ಭಕೊರಳಿಗೆ ಶೇ 5ರ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಅಡುಗೆಮನೆಯ ವಿನೆಗರ್‌ನಲ್ಲಿ ಇರುವುದೂ ಇದೇ ಆಮ್ಲ. ಆರೋಗ್ಯವಂತ ಕೋಶಗಳ ಪದರ ಗುಲಾಬಿಯಾಗಿಯೇ ಉಳಿಯುತ್ತದೆ. ಕೆಡುತ್ತಿರುವ ಕೋಶಗಳಲ್ಲಿ ಕೇಂದ್ರ ಊದಿಕೊಂಡು ಪ್ರೋಟೀನ್ ತುಂಬಿರುತ್ತದೆ. ನಿಂಬೆ ಹಿಂಡಿದ ಹಾಲಿನಂತೆ ಆಮ್ಲಕ್ಕೆ ಅದು ಗರಣೆಗಟ್ಟುತ್ತದೆ. ಬೆಳಕು ಒಳಹೋಗದೆ ಆ ಜಾಗ ಬೆಳ್ಳಗೆ ಕಾಣುತ್ತದೆ. ಹಾಲು ಒಡೆದರೆ ಒಡೆದಂತೆಯೇ. ಈ ಬಿಳಿ ಮಾತ್ರ ಕೆಲವೇ ನಿಮಿಷಗಳಲ್ಲಿ ಮಾಸುತ್ತದೆ. ಇದಕ್ಕೆ ಲ್ಯಾಬ್ ಬೇಡ, ವರದಿಗೆ ವಾರಗಟ್ಟಲೆ ಕಾಯಬೇಕಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಕೊಳೆಗೇರಿಗಳ ಮಹಿಳೆಯರನ್ನು ಹೀಗೆ ನೋಡಿದವರು ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಈ ರೋಗದ ಸಾವು ಶೇ 31ರಷ್ಟು ಇಳಿಯಿತು.

ಎಲ್ಲರೂ ಎಡವುವುದು ಇನ್ನು ಮುಂದೆ. ‘ಪಾಸಿಟಿವ್’ ಎಂದ ಕೂಡಲೇ ಮನೆಯಲ್ಲಿ ಅಳು ಶುರು. ಪಾಸಿಟಿವ್ ಎಂದರೆ ಕ್ಯಾನ್ಸರ್ ಅಲ್ಲ, ಇನ್ನೊಮ್ಮೆ ಚೆನ್ನಾಗಿ ನೋಡಬೇಕು ಎಂದಷ್ಟೇ ಅರ್ಥ. ಸೋಂಕು, ಉರಿಯೂತಕ್ಕೂ ಬಿಳಿ ಕಾಣಬಹುದು. ಕೆಟ್ಟ ಭಾಗ ನಿಜಕ್ಕೂ ಇದ್ದರೆ, ಹೆಚ್ಚಿನವರಿಗೆ ಅಷ್ಟನ್ನೇ ಶಾಖದಿಂದ ಸುಟ್ಟು ಅಥವಾ ಕತ್ತರಿಸಿ ತೆಗೆದರೆ ಸಾಕು. ಪಾಸಿಟಿವ್ ಬಂತೆಂಬ ಒಂದೇ ಕಾರಣಕ್ಕೆ ಗರ್ಭಕೋಶ ತೆಗೆಸೋಣ ಎಂದು ಯಾರಾದರೂ ಅವಸರಿಸಿದರೆ ಇನ್ನೊಬ್ಬ ವೈದ್ಯರನ್ನು ಕೇಳಿ. ಕೂಡುವುದರಿಂದ ಹರಡುವ ವೈರಸ್ ಎಂದು ಗಂಡನನ್ನು ಅನುಮಾನಿಸುವುದೂ ಬೇಡ, ಹೆಂಡತಿಯನ್ನೂ ಬೇಡ: ವೈರಸ್ ವರ್ಷಗಟ್ಟಲೆ ಸುಮ್ಮನೆ ಅಡಗಿರಬಲ್ಲದು, ಯಾವಾಗ ಬಂತೆಂದು ಪರೀಕ್ಷೆ ಹೇಳಲಾರದು.

“ಮುಟ್ಟು ನಿಂತಿದೆ, ಇನ್ನೇಕೆ?” ಎನ್ನುವ ಅಜ್ಜಿಯರಿಗೊಂದು ಮಾತು. ರೋಗ ಹುಟ್ಟುವ ಅಂಚು ಆ ವಯಸ್ಸಿಗೆ ಒಳಕ್ಕೆ ಸರಿದಿರುತ್ತದೆ, ವಿಐಎ ಕಣ್ಣಿಗೆ ಸಿಗದಿರಬಹುದು. ಅಪಾಯವಂತೂ ಹೋಗಿರುವುದಿಲ್ಲ, ಅವರಿಗೆ ಎಚ್‌ಪಿವಿ ಪರೀಕ್ಷೆ ಮೇಲು. ಲಸಿಕೆ ಹಾಕಿಸಿಕೊಂಡವರೂ ತಪಾಸಣೆ ತಪ್ಪಿಸಬಾರದು, ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನು ತಡೆಯುವುದಿಲ್ಲ.

ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ನಿಮ್ಮೂರಿನ ಆಶಾ ಅಕ್ಕನನ್ನು ಕೇಳಿ: ನಮ್ಮ ಆರೋಗ್ಯ ಕೇಂದ್ರದಲ್ಲಿ ಯಾವ ಪರೀಕ್ಷೆ ಇದೆ, ಯಾವ ದಿನ? ಇಲ್ಲವೆಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಇದೇ ಪ್ರಶ್ನೆಯನ್ನು ಮತ್ತೆ ಕೇಳಿ.