ನಿಖರತೆಯನ್ನು ಸೂಚಿಸುವ ಇಂಗ್ಲಿಷ್ ಕ್ರಿಯಾವಿಶೇಷಣಗಳು: ಬಳಕೆಯ ಭೇದಗಳು

‘ಎಕ್ಸಾಕ್ಟ್ಲಿ’, ‘ಪ್ರಿಸೈಸ್ಲಿ’, ‘ಅಕ್ಯುರೇಟ್ಲಿ’ ಮತ್ತು ಒಂದು ಅರ್ಥದಲ್ಲಿ ‘ಜಸ್ಟ್’ – ಈ ನಾಲ್ಕಕ್ಕೂ ಕನ್ನಡದಲ್ಲಿ ಸಾಮಾನ್ಯವಾಗಿ ‘ಸರಿಯಾಗಿ’, ‘ನಿಖರವಾಗಿ’, ‘ಕರಾರುವಾಕ್ಕಾಗಿ’ ಎಂಬ ಪದಗಳನ್ನೇ ಕೊಡಲಾಗುತ್ತದೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಬಹುದೆಂಬ ಭಾವನೆ ಇದರಿಂದ ಮೂಡುತ್ತದೆ. ವಾಕ್ಯಗಳಲ್ಲಿಟ್ಟು ಪರೀಕ್ಷಿಸಿದರೆ ಈ ಭಾವನೆ ನಿಲ್ಲುವುದಿಲ್ಲ.

‘ಸಭೆ ಮೂರು ಗಂಟೆಗೆ ಆರಂಭವಾಯಿತು’ ಎಂದಾಗ ಒಂದೆರಡು ನಿಮಿಷಗಳ ಹೆಚ್ಚುಕಡಿಮೆಯನ್ನು ಕೇಳುಗನು ಲೆಕ್ಕಿಸುವುದಿಲ್ಲ. ಇಂತಹ ಸಡಿಲಿಕೆಯನ್ನು ಪೀಟರ್ ಲೇಸರ್ಸನ್ ಅವರು 1999ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಪದದ ಸುತ್ತಲಿನ ಪ್ರಭಾವಳಿಯೆಂದು ನಿರೂಪಿಸಿದರು. ‘ಎಕ್ಸಾಕ್ಟ್ಲಿ’ ಈ ಪ್ರಭಾವಳಿಯನ್ನು ಕುಗ್ಗಿಸುತ್ತದೆ. ಆದರೆ ‘ಎಕ್ಸಾಕ್ಟ್ಲಿ ಥ್ರೀ ಚಿಲ್ಡ್ರನ್’ ಎಂಬಲ್ಲಿ ಅದರ ಕೆಲಸ ಬೇರೆ. ಮಕ್ಕಳ ಎಣಿಕೆಯಲ್ಲಿ ಸಡಿಲಿಕೆಗೆ ಎಡೆಯಿಲ್ಲ. ಅಲ್ಲಿ ಅದು ‘ಕನಿಷ್ಠ ಮೂವರು’ ಎಂಬ ಅರ್ಥವನ್ನು ತಳ್ಳಿಹಾಕುತ್ತದೆ.

‘ಜಸ್ಟ್’ ಎಂಬುದನ್ನು ಸಂಖ್ಯೆಯ ಮುಂದಿರಿಸಿದರೆ ನಿಖರತೆಯ ಅರ್ಥ ಹಿಂದೆ ಸರಿಯುತ್ತದೆ. ‘ಜಸ್ಟ್ ಟೆನ್ ಪೀಪಲ್’ ಎಂದರೆ ‘ಹತ್ತೇ ಜನ’, ಅಂದರೆ ಕೇವಲ ಹತ್ತು ಜನ. ‘ಜಸ್ಟ್ ದ ಮ್ಯಾನ್ ವಿ ನೀಡ್’ ಎಂಬಲ್ಲಿ ಮಾತ್ರ ಅದು ‘ನಮಗೆ ಬೇಕಾದವನೇ’ ಎಂಬ ನಿಖರತೆಯನ್ನು ಉಳಿಸಿಕೊಳ್ಳುತ್ತದೆ. ಕನ್ನಡದ ‘ಏ’ ಪ್ರತ್ಯಯವೂ ಈ ಎರಡು ಅರ್ಥಗಳ ನಡುವೆ ಹೀಗೆಯೇ ಓಲಾಡುತ್ತದೆಂಬುದು ಗಮನಾರ್ಹ. ಹೀಗಾಗಿ ‘ಜಸ್ಟ್’ ಪದಕ್ಕೆ ‘ನಿಖರವಾಗಿ’ ಎಂಬುದಕ್ಕಿಂತ ಈ ಪುಟ್ಟ ಪ್ರತ್ಯಯವೇ ಹೆಚ್ಚು ಹತ್ತಿರದ ಬಂಧು.

ಆದರೂ ಈ ಬಂಧುತ್ವವನ್ನು ಎಲ್ಲೆಡೆಯೂ ನಂಬಲಾಗದು. ಕಾರಣವಾಕ್ಯಗಳಲ್ಲಿ ಅದು ಅನುವಾದಕನನ್ನು ದಾರಿ ತಪ್ಪಿಸುತ್ತದೆ. ‘ಪ್ರಿಸೈಸ್ಲಿ ಬಿಕಾಸ್ ಹಿ ಈಸ್ ಪೂರ್’ ಎಂದರೆ ‘ಅವನು ಬಡವನಾಗಿರುವುದರಿಂದಲೇ’. ಆ ಕಾರಣವೇ ನಿರ್ಣಾಯಕವೆಂಬುದು ವಾದ. ‘ಜಸ್ಟ್ ಬಿಕಾಸ್ ಹಿ ಈಸ್ ಪೂರ್’ ಎಂಬುದರ ಸಾಮಾನ್ಯ ಬಳಕೆ ಇದಕ್ಕೆ ತೀರ ವಿರುದ್ಧ: ‘ಅವನು ಬಡವನಾದ ಮಾತ್ರಕ್ಕೆ’, ಆ ಕಾರಣ ಸಾಲದೆಂಬುದು ವಾದ. ಎರಡಕ್ಕೂ ‘ಏ’ ಹಚ್ಚಿದರೆ ಮೂಲದ ಲೇಖಕನು ನಿರಾಕರಿಸಿದ್ದನ್ನೇ ಅವನ ಬಾಯಿಂದ ನುಡಿಸಿದಂತಾಗುತ್ತದೆ. ತೀರ್ಪು ಅಥವಾ ಸಂಪಾದಕೀಯದ ಅನುವಾದದಲ್ಲಿ ಇದನ್ನು ಕೇವಲ ಶೈಲಿಯ ದೋಷವೆಂದು ಕ್ಷಮಿಸಲಾಗದು.

ನಿಷೇಧದೊಡನೆ ಬಂದಾಗ ‘ಎಕ್ಸಾಕ್ಟ್ಲಿ’ ಅಳತೆಯನ್ನು ಬಿಟ್ಟು ವ್ಯಂಗ್ಯದತ್ತ ಹೊರಳುವುದುಂಟು. ‘ಶಿ ವಾಸ್ ನಾಟ್ ಎಕ್ಸಾಕ್ಟ್ಲಿ ಪ್ಲೀಸ್ಡ್’ ಎಂಬುದಕ್ಕೆ ‘ಆಕೆಗೆ ನಿಖರವಾಗಿ ಸಂತೋಷವಾಗಲಿಲ್ಲ’ ಎಂದರೆ ಅದು ಕನ್ನಡವೇ ಅಲ್ಲ. ‘ಆಕೆಗೇನೂ ಸಂತೋಷವಾಗಲಿಲ್ಲ’ ಎಂಬಲ್ಲಿನ ‘ಏನೂ’ ಆ ಮುಚ್ಚುಮರೆಯ ಅಸಮಾಧಾನವನ್ನು ಸಹಜವಾಗಿ ಹೊರುತ್ತದೆ. ‘ಪ್ರಿಸೈಸ್ಲಿ’ ಈ ವ್ಯಂಗ್ಯಕ್ಕೆ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಔಪಚಾರಿಕತೆಯ ಬಿಗುವು ಅದನ್ನು ತಡೆಯುತ್ತದೆಂದು ನನ್ನ ಊಹೆ.

‘ಅಕ್ಯುರೇಟ್ಲಿ’ ಸತ್ಯಕ್ಕೆ ಸಂಬಂಧಿಸಿದ್ದು, ‘ಪ್ರಿಸೈಸ್ಲಿ’ ವಿವರದ ಸೂಕ್ಷ್ಮತೆಗೆ. ಪೈ ಬೆಲೆಯನ್ನು 3.24187 ಎಂದವನು ಸೂಕ್ಷ್ಮವಾಗಿ ತಪ್ಪು ಹೇಳಿದ್ದಾನೆ, 3.14 ಎಂದವನು ಅಷ್ಟು ಸೂಕ್ಷ್ಮವಲ್ಲದಿದ್ದರೂ ಸತ್ಯಕ್ಕೆ ಹತ್ತಿರವಿದ್ದಾನೆ. ಎರಡನ್ನೂ ‘ನಿಖರ’ವೆಂದರೆ ಈ ಭೇದ ಅಳಿಸಿಹೋಗುತ್ತದೆ.

ಸ್ಥಳಸೂಚನೆಯಲ್ಲಿ ಇಂಗ್ಲಿಷ್ ‘ರೈಟ್’ ಎಂಬುದನ್ನು ಬಳಸುತ್ತದೆ: ‘ರೈಟ್ ಇನ್ ದ ಮಿಡಲ್’, ‘ರೈಟ್ ಅಟ್ ದಿ ಎಂಡ್’. ಅದು ಉಪಸರ್ಗಪದಗಳ ಮುಂದೆ ಸಲೀಸಾಗಿ ನಿಲ್ಲುತ್ತದೆ, ಬರಿಯ ಸಂಖ್ಯೆಯ ಮುಂದೆ ನಿಲ್ಲದು. ಇಲ್ಲಿ ಕನ್ನಡಕ್ಕೆ ಕ್ರಿಯಾವಿಶೇಷಣದ ಹಂಗೇ ಇಲ್ಲ. ನಾಮಪದದ ಮೊದಲ ಭಾಗವನ್ನೇ ಒತ್ತಿ ಇಮ್ಮಡಿಸಿ ‘ನಟ್ಟನಡುವೆ’, ‘ಕಟ್ಟಕಡೆಗೆ’, ‘ತುತ್ತತುದಿಯಲ್ಲಿ’ ಎಂದರಾಯಿತು.